75 ಕೆ.ಜಿ. ಚೀಲ ಮತ್ತು ಹಮಾಲರ ಬೆನ್ನು

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದ ಭತ್ತದ ವರ್ತಕರಿಗೆ, ಅಕ್ಕಿ ಗಿರಣಿ ಮಾಲೀಕರಿಗೆ, ಕಮಿಷನ್ ಏಜೆಂಟರಿಗೆ

ಮಾನ್ಯರೇ,

ನಮ್ಮ ಭಾಗದಲ್ಲಿ ಭತ್ತದ ದರವನ್ನು ಕ್ವಿಂಟಲಿಗೆ ಇಷ್ಟೆಂದು ಹೇಳುವವರು ಕಡಿಮೆ. ಚೀಲಕ್ಕೆ ಇಷ್ಟು ಎನ್ನುತ್ತೇವೆ. ಚೀಲವೆಂದರೆ 75 ಕೆ.ಜಿ. ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸರಕಾರ ಬೆಂಬಲ ಬೆಲೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಘೋಷಿಸಿದಾಗಲೂ ರೈತರು ಮನಸ್ಸಿನಲ್ಲೇ ಅದರ ಮುಕ್ಕಾಲು ಲೆಕ್ಕ ಹಾಕಿ ಚೀಲದ ದರಕ್ಕೆ ತಂದುಕೊಳ್ಳುತ್ತಾರೆ. ಇಷ್ಟು ಬೇರುಬಿಟ್ಟಿರುವ ಈ 75ರ ಬಗ್ಗೆ ನಿಮ್ಮೊಂದಿಗೆ ಮಾತನಾಡಬೇಕಾಗಿದೆ. ಚೀಲ ಹೊರುವವರು ಹಮಾಲರು. ಆದರೆ ಅದು 75 ಇರಬೇಕೋ 50 ಇರಬೇಕೋ ಎಂದು ತೀರ್ಮಾನಿಸುವವರು ಅವರಲ್ಲ. ರೈತರು ಕೂಡ ನೀವು ಯಾವ ಚೀಲ ಒಪ್ಪುತ್ತೀರೋ ಆ ಚೀಲವನ್ನೇ ತುಂಬುತ್ತಾರೆ. ತೀರ್ಮಾನ ನಿಮ್ಮ ಕೈಯಲ್ಲಿದೆ, ಅದಕ್ಕಾಗಿ ನಿಮಗೇ ಬರೆಯುತ್ತಿದ್ದೇನೆ.

ನಾನು ಭತ್ತ ಬೆಳೆಯುವ ಮನೆಯಲ್ಲಿ ಹುಟ್ಟಿದವಳು, ಈಗ ಇದೇ ಭಾಗದಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದೇನೆ. ನವೆಂಬರ್-ಡಿಸೆಂಬರಿನ ಸುಗ್ಗಿ ಮುಗಿಯುತ್ತಿದ್ದಂತೆ, ಕಾಲುವೆಗೆ ನೀರು ಬಿಟ್ಟ ವರ್ಷಗಳಲ್ಲಿ ಏಪ್ರಿಲ್-ಮೇ ಸುಗ್ಗಿಯ ನಂತರವೂ, ನನ್ನಲ್ಲಿಗೆ ಹಮಾಲರು ಬರತೊಡಗುತ್ತಾರೆ. ಬಾಗಿಲಲ್ಲಿ ನಿಂತಾಗಲೇ ಕೆಲವರನ್ನು ಗುರುತಿಸಬಹುದು. ಸೊಂಟದ ಮೇಲಿನ ಮೈ ಒಂದು ಬದಿಗೆ ವಾಲಿರುತ್ತದೆ. ಕುರ್ಚಿ ತೋರಿಸಿದರೂ ಕೂರುವುದಿಲ್ಲ, ಏಕೆಂದರೆ ಕೂತರೆ ನೋವು ಹೆಚ್ಚು. ‘ಟೊಂಕ ಹಿಡದೈತ್ರಿ, ಎರಡು ದಿನದಾಗ ಕೆಲಸಕ್ಕ ಹೋಗಬೇಕ್ರಿ’ ಎನ್ನುತ್ತಾರೆ. ನೋವಿನ ಬಗ್ಗೆ ಒಂದು ಮಾತು, ಕೆಲಸದ ಬಗ್ಗೆ ಹತ್ತು ಮಾತು. ಗುಂಪಿನಲ್ಲಿ ತನ್ನ ಜಾಗಕ್ಕೆ ಬೇರೆಯವರು ಬಂದುಬಿಟ್ಟರೆ ಎಂಬ ಹೆದರಿಕೆ ಅವರಿಗೆ ಬೆನ್ನಿಗಿಂತ ದೊಡ್ಡದಾಗಿರುತ್ತದೆ.

ಆ ಟೊಂಕದೊಳಗೆ ಏನಿದೆ ಎಂಬುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ನನ್ನ ಬೇಡಿಕೆಗಳಿಗೆ ಕಾರಣ ನಿಮಗೇ ಹೊಳೆಯುತ್ತದೆ.

ನಾವು ಹುಟ್ಟುವಾಗ ಬೆನ್ನಿನಲ್ಲಿ 33 ಕಶೇರುಮಣಿಗಳಿರುತ್ತವೆ: ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅದರ ಕೆಳಗಿನವು ಬೆಳೆಯುತ್ತ ಒಂದಕ್ಕೊಂದು ಕೂಡಿಕೊಂಡು ಗಟ್ಟಿಯಾಗುತ್ತವೆ. ಹೀಗಾಗಿ ಬಾಗುವ, ತಿರುಗುವ ಕೆಲಸವೆಲ್ಲ ಮೇಲಿನ 24ರದ್ದು. ಈ ಮಣಿಗಳ ನಡುವೆ ಒಟ್ಟು 23 ಡಿಸ್ಕ್‌ಗಳಿವೆ. ಡಿಸ್ಕಿನ ನಡುವೆ ನೀರು ತುಂಬಿದ ಲೋಳೆಯಂಥ ತಿರುಳು, ಸುತ್ತಲೂ ಪದರಪದರವಾದ ನಾರಿನ ಬಳೆ. ಆ ನಾರುಗಳು ಒಂದು ಪದರದಲ್ಲಿ ಬಲಕ್ಕೆ ಓರೆಯಾಗಿದ್ದರೆ ಮುಂದಿನ ಪದರದಲ್ಲಿ ಎಡಕ್ಕೆ ಓರೆ. ನಿಮ್ಮ ಲಾರಿಯ ಟೈರಿನೊಳಗೆ ದಾರದ ಪದರಗಳನ್ನು ಅಡ್ಡಡ್ಡ ಹಾಕಿ ಕಟ್ಟಿರುತ್ತಾರಲ್ಲ, ಹಾಗೆ. ಈ ರಚನೆ ನೇರವಾಗಿ ಬೀಳುವ ಭಾರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಮೈ ತಿರುಚಿದಾಗ ಮಾತ್ರ ಒಂದು ದಿಕ್ಕಿನ ಪದರಗಳಷ್ಟೇ ಬಿಗಿದುಕೊಳ್ಳುತ್ತವೆ, ಉಳಿದರ್ಧ ಸಡಿಲವಾಗುತ್ತವೆ. ಬಾಗಿ, ತಿರುಚಿ, ಎತ್ತುವುದು ಮೂರೂ ಒಟ್ಟಿಗೆ ಸೇರಿದರೆ ಡಿಸ್ಕಿಗೆ ಅತಿ ಕೆಟ್ಟದ್ದು. ಲಾರಿಯಿಂದ ಬಂದ ಚೀಲವನ್ನು ಗೋದಾಮಿನಲ್ಲಿ ನಿಟ್ಟು ಒಟ್ಟುವಾಗ ನಡೆಯುವುದು ಇದೇ ಮೂರೂ.

ಡಿಸ್ಕಿನ ಇನ್ನೊಂದು ಗುಣ ತಿಳಿದರೆ ಹಮಾಲರ ಮೇಲಿನ ಅನುಮಾನವೂ ಕಡಿಮೆಯಾಗುತ್ತದೆ. ಬೆಳೆದ ಮನುಷ್ಯನ ಡಿಸ್ಕಿನ ಒಳಭಾಗಕ್ಕೆ ರಕ್ತನಾಳವಿಲ್ಲ. ಮೇಲಿನ ಮತ್ತು ಕೆಳಗಿನ ಮಣಿಗಳಿಂದ ಪೋಷಕಾಂಶ ನಿಧಾನವಾಗಿ ಇಂಗಿ ಬರಬೇಕು. ಅದರಿಂದಾಗಿ ಅಲ್ಲಿ ಆದ ಗಾಯ ಚರ್ಮದ ಗಾಯದ ಹಾಗೆ ವಾರದಲ್ಲಿ ಮಾಯುವುದಿಲ್ಲ. ನೋವನ್ನು ತಿಳಿಸುವ ನರತಂತುಗಳು ಕೂಡ ಆರೋಗ್ಯವಂತ ಡಿಸ್ಕಿನ ಹೊರ ಅಂಚಿನಲ್ಲಷ್ಟೇ ಇರುತ್ತವೆ. ಒಳ ಪದರಗಳು ಸೀಳುತ್ತಿರುವಾಗ ಏನೂ ಗೊತ್ತಾಗುವುದಿಲ್ಲ, ಸೀಳು ಅಂಚಿಗೆ ಬಂದಾಗ ನೋವು. ‘ನಿನ್ನೆ ತನಕ ಚಲೋ ಇದ್ದ, ಇವತ್ತು ಏಕಾಏಕಿ ಏನಾಯ್ತು?’ ಎಂದು ಮೇಸ್ತ್ರಿ ಕೇಳುವುದುಂಟು. ಏಕಾಏಕಿ ಆದದ್ದಲ್ಲ, ಏಕಾಏಕಿ ತಿಳಿದದ್ದು.

ಈಗ ತೂಕದ ಲೆಕ್ಕ. ನೆಲದ ಮೇಲಿನ ಚೀಲವನ್ನು ಇಬ್ಬರು ಕೊಕ್ಕೆ ಹಾಕಿ ಎತ್ತಿ ಮೂರನೆಯವನ ಬೆನ್ನಿಗೇರಿಸುತ್ತಾರೆ. ನಮ್ಮ ಕಣ್ಣಿಗೆ ಬೀಳುವವನು ಹೊತ್ತುಕೊಂಡು ಹಲಗೆಯ ಮೇಲೆ ನಡೆಯುವವನು. ನನ್ನ ಅನುಭವದಲ್ಲಿ ಹೆಚ್ಚು ಸೊಂಟ ಕಳೆದುಕೊಳ್ಳುವವರು ಆ ಎತ್ತಿಕೊಡುವ ಇಬ್ಬರು. ಪಾಲು ಸಮನಾದರೆ ಒಬ್ಬೊಬ್ಬರಿಗೆ 37.5 ಕೆ.ಜಿ. ಬಾಗಿ ಎತ್ತುವಾಗ ಆ ಭಾರ ಸೊಂಟದ ಮಣಿಯಿಂದ ಸುಮಾರು 40 ಸೆಂ.ಮೀ. ಮುಂದಿರುತ್ತದೆ. ಅದನ್ನು ಹಿಡಿದಿಡುವ ಬೆನ್ನಿನ ಸ್ನಾಯುಗಳು ಮಣಿಯ ಹಿಂದೆ ಸುಮಾರು 5 ಸೆಂ.ಮೀ. ದೂರದಲ್ಲಷ್ಟೇ ಇವೆ. ಅಂದರೆ ಸ್ನಾಯು ಎಂಟು ಪಟ್ಟು ಬಲ ಹಾಕಬೇಕು: 300 ಕೆ.ಜಿ. ಆ ಬಲವೆಲ್ಲ ಡಿಸ್ಕಿನ ಮೇಲೆಯೇ ಬೀಳುತ್ತದೆ. ಅದಕ್ಕೆ ಚೀಲದ ಭಾರ, ಬಾಗಿದ ಮೈಯ ಭಾರ ಸೇರಿಸಿ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಸೊಂಟದ ಕೊನೆಯ ಡಿಸ್ಕಿನ ಮೇಲೆ ಬೀಳಬಹುದಾದ ಒತ್ತಡಕ್ಕೆ 1981ರಲ್ಲೇ ಒಂದು ಗಡಿ ಹಾಕಿತು: 3,400 ನ್ಯೂಟನ್, ನಮ್ಮ ಲೆಕ್ಕದಲ್ಲಿ ಸುಮಾರು 350 ಕೆ.ಜಿ. ಇಬ್ಬರು ಸೇರಿ ಒಂದು ಭತ್ತದ ಚೀಲ ಎತ್ತಿದರೂ ಒಬ್ಬೊಬ್ಬರೂ ಆ ಗಡಿ ದಾಟಿರುತ್ತಾರೆ. ಅದೇ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ ಎಲ್ಲ ಅನುಕೂಲವಿದ್ದಾಗಲೂ, ಅಂದರೆ ಭಾರ ಮೈಗೆ ಹತ್ತಿರವಿದ್ದು, ಬಾಗದೆ, ತಿರುಚದೆ ಎತ್ತುವಾಗಲೂ, ಒಬ್ಬರಿಗೆ 23 ಕೆ.ಜಿ. ಮಿತಿ.

ಇದು ಬರೀ ಕಾಗದದ ಲೆಕ್ಕ ಎನ್ನಿಸಿದರೆ, ಜೀವಂತ ಮನುಷ್ಯನ ಡಿಸ್ಕಿನೊಳಗೆ ಸಣ್ಣ ಮಾಪಕ ಇಟ್ಟು ಅಳೆದವರೂ ಇದ್ದಾರೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಇದನ್ನು ಶುರುಮಾಡಿದರು. ಜರ್ಮನಿಯಲ್ಲಿ ಹಾನ್ಸ್-ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಸುಮ್ಮನೆ ನಿಂತಾಗ ಡಿಸ್ಕಿನೊಳಗಿನ ಒತ್ತಡ 0.5 ಮೆಗಾಪಾಸ್ಕಲ್. 20 ಕೆ.ಜಿ. ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 2.3. ಅದೇ ಭಾರವನ್ನು ಮೊಣಕಾಲು ಮಡಚಿ ಎತ್ತಿದಾಗ 1.7. ಎತ್ತಿ ಮೈಗೆ ಒತ್ತಿ ಹಿಡಿದಾಗ 1.1. ಈ ಅಂಕಿಗಳನ್ನು ಗಮನವಿಟ್ಟು ನೋಡಿ. ಎತ್ತುವ ರೀತಿಯಿಂದ ಸ್ವಲ್ಪ ಉಳಿತಾಯವಾಗುತ್ತದೆ ನಿಜ. ಆದರೆ ಭಾರ ನೆಲದಲ್ಲಿದ್ದರೆ ಬಾಗಲೇಬೇಕು, 75 ಕೆ.ಜಿ. ಚೀಲವನ್ನು ಮೈಗೆ ಒತ್ತಿ ಹಿಡಿದು ಮೇಲೇಳುವುದು ಹೆಚ್ಚಿನವರಿಂದ ಆಗದು.

ಹೊತ್ತಿನ ಬಗ್ಗೆಯೂ ಒಂದು ಮಾತು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವೆಲ್ಲ ಸಂಜೆಗಿಂತ ಒಂದು ಸೆಂ.ಮೀ.ಗೂ ಹೆಚ್ಚು ಎತ್ತರವಿರುವುದು ಅದರಿಂದಲೇ. ಉಬ್ಬಿ ಬಿಗಿಯಾದ ಡಿಸ್ಕನ್ನು ಬಾಗಿಸಿದರೆ ಹೊರಗಿನ ನಾರುಗಳ ಮೇಲಿನ ಎಳೆತ ಹೆಚ್ಚು. ಎದ್ದ ಮೊದಲ ಒಂದು ಗಂಟೆ ಸೊಂಟಕ್ಕೆ ಎಚ್ಚರಿಕೆಯ ಹೊತ್ತು. ನಮ್ಮಲ್ಲಿ ಲಾರಿಗಳು ರಾತ್ರಿ ಬಂದು ನಿಲ್ಲುತ್ತವೆ, ನಸುಕಿನಲ್ಲೇ ‘ಖಾಲಿ ಮಾಡ್ರಿ’ ಎಂಬ ಅವಸರ. ಅಲ್ಲೇ ಗೋಣಿತಾಟಿನ ಮೇಲೆ ಮಲಗಿದ್ದವರು ಎದ್ದು ಮುಖ ತೊಳೆದು ನೇರವಾಗಿ ಚೀಲಕ್ಕೆ ಕೊಕ್ಕೆ ಹಾಕುತ್ತಾರೆ.

ಸೊಂಟದ ಡಿಸ್ಕ್ ಜಾರುವ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಕೊನೆಯ ಎರಡು ಡಿಸ್ಕುಗಳಲ್ಲೇ ಆಗುತ್ತವೆ. ಒಳಗಿನ ತಿರುಳು ಸೀಳಿನಿಂದ ಹೊರಗೆ ನುಗ್ಗಿ ಪಕ್ಕದ ನರಕ್ಕೆ ತಾಗಿದರೆ ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೆ ಸೆಳೆತ. ಕೆಮ್ಮಿದರೆ ಕಾಲಿಗೆ ಕರೆಂಟು ಹೊಡೆದಂತಾಗುತ್ತದೆ. ಇದನ್ನು ಸಯಾಟಿಕಾ ಎನ್ನುತ್ತೇವೆ. ವಯಸ್ಸಾದ ಹಮಾಲರಲ್ಲಿ ಕಾಣುವುದು ಬೇರೆ ಬಗೆ. ಮಣಿಗಳ ಕೀಲು ಸವೆದು, ಮೂಳೆ ಬೆಳೆದು, ನರಗಳು ಸಾಗುವ ನಾಳ ಕಿರಿದಾಗಿರುತ್ತದೆ. ಅವರು ಸ್ವಲ್ಪ ದೂರ ನಡೆದರೆ ಕಾಲು ಭಾರವಾಗಿ ನಿಲ್ಲಬೇಕು. ಮುಂದಕ್ಕೆ ಬಾಗಿ ಕುಳಿತರೆ ಹಗುರ. ತಲೆ ಮತ್ತು ಕುತ್ತಿಗೆಯ ಮೇಲೆ ಹೊರುವವರಿಗೆ ಕುತ್ತಿಗೆಯ ಮಣಿಗಳು ಸವೆದು ಕೈ ಜೋಮು ಹಿಡಿಯುತ್ತದೆ. ಇವೆಲ್ಲ ಒಂದು ಕಡೆಗಿರಲಿ. ಹೆಚ್ಚಿನವರ ಬೆನ್ನುನೋವು ಇಷ್ಟು ಗಂಭೀರವಲ್ಲ. ಸ್ನಾಯು, ಕೀಲು, ಕಟ್ಟುಗಳ ಉಳುಕು, ನಮ್ಮ ಕಡೆ ಚಳಕು ಎನ್ನುವುದು, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಜಾರಿದ ಡಿಸ್ಕಿನ ತುಣುಕನ್ನು ಕೂಡ ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತದೆ.

ನಿಮ್ಮಲ್ಲಿ ಕೆಲವರು ನನಗೆ ನೇರವಾಗಿ ಹೇಳಿದ್ದಿದೆ: ಬೆನ್ನುನೋವು ಎಲ್ಲರಿಗೂ ಬರುತ್ತದೆ, ಬೆಂಗಳೂರಿನಲ್ಲಿ ಎ.ಸಿ. ಕೆಳಗೆ ಕೂತ ನಮ್ಮ ಮಗನಿಗೂ ಇದೆ, ಚೀಲವನ್ನೇ ಯಾಕೆ ದೂರಬೇಕು? ನ್ಯಾಯವಾದ ಪ್ರಶ್ನೆ. 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂಬ ಅಂದಾಜಿದೆ. ಅವರೆಲ್ಲ ಚೀಲ ಹೊತ್ತವರಲ್ಲ. ಫಿನ್ಲೆಂಡಿನ ಅವಳಿ ಸೋದರರ ಅಧ್ಯಯನಗಳು ಡಿಸ್ಕ್ ಸವೆತದಲ್ಲಿ ವಂಶದಿಂದ ಬಂದ ಗುಣದ ಪಾಲು ದೊಡ್ಡದೆಂದು ತೋರಿಸಿವೆ. ಹೀಗಾಗಿ ಪ್ರತಿಯೊಬ್ಬ ಹಮಾಲನ ಸವೆತಕ್ಕೂ ನಿಮ್ಮ ಚೀಲವೇ ಕಾರಣ ಎಂದು ನಾನು ಹೇಳಲಾರೆ. ಆದರೆ ನಿಮ್ಮ ಮಗ ಸೊಂಟ ನೊಂದ ದಿನ ಎದ್ದು ಓಡಾಡಬಹುದು, ಮನೆಯಿಂದ ಕೆಲಸ ಮಾಡಬಹುದು, ಸಂಬಳ ನಿಲ್ಲುವುದಿಲ್ಲ. ಹಮಾಲ ಅದೇ ನೊಂದ ಸೊಂಟದ ಮೇಲೆ ಮರುದಿನ ಮತ್ತೆ 75 ಕೆ.ಜಿ. ಎತ್ತಬೇಕು, ಇಲ್ಲವೇ ಮನೆಯಲ್ಲಿ ಕೂರಬೇಕು. ಇವೆರಡರ ನಡುವೆ ಅವನಿಗೆ ಇನ್ನೊಂದು ದಾರಿ ಇಲ್ಲ. ಆ ನಡುವಿನ ದಾರಿಯನ್ನು ಮಾಡಿಕೊಡಬಲ್ಲವರು ನೀವು.

ನಾನು ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. ಸುಮಾರು ನಲವತ್ತರ ಹಮಾಲರೊಬ್ಬರು. ನಿಟ್ಟಿನ ಮೇಲೆ ಚೀಲ ಎಳೆದುಕೊಳ್ಳುವಾಗ ಸೊಂಟದಲ್ಲಿ ಕಟ್ಟೆಂದಿತು. ಮೊದಲು ಒಂದು ಕಾಲಿನಲ್ಲಿ ಸೆಳೆತ, ಸಂಜೆಗೆ ಎರಡರಲ್ಲೂ. ನಮ್ಮ ಊರುಗಳಲ್ಲಿ ಸೊಂಟ ಹಿಡಿದವರನ್ನು ಹುಟ್ಟುವಾಗ ಕಾಲು ಮುಂದಾಗಿ ಬಂದವರ ಹತ್ತಿರ ಕರೆದೊಯ್ದು ಒದೆಸುವ ರೂಢಿಯಿದೆ. ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಮಾಡಿಸಿದರು. ಮೂತ್ರ ಕಟ್ಟಿಕೊಂಡಿತ್ತು, ಬಿಸಿಲಿಗೆ ಹೀಗಾಗಿದೆ ಎಂದುಕೊಂಡು ಎಳನೀರು ಕುಡಿಸಿದರು. ಅವರು ನನ್ನಲ್ಲಿಗೆ ಬಂದದ್ದು ಅದಾದ ಮೇಲೆ. ಒಳಗೆ ಬರುವಾಗ ಬಲಗಾಲಿನ ಚಪ್ಪಲಿ ಹೊಸ್ತಿಲಲ್ಲೇ ಜಾರಿ ಉಳಿದಿತ್ತು, ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಮಲಗಿಸಿ ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಹೇಳಿದೆ. ಅವರು ಮುಖ ಬಿಗಿದು ಪ್ರಯತ್ನಿಸಿದರು. ಬೆರಳು ಅಲ್ಲಾಡಲಿಲ್ಲ. ‘ಎತ್ತೇನಲ್ರಿ?’ ಎಂದು ನನ್ನನ್ನೇ ಕೇಳಿದರು. ಕೂರುವ ಜಾಗದ ಚರ್ಮಕ್ಕೆ ಸ್ಪರ್ಶವೇ ಇರಲಿಲ್ಲ. ಕೂಡಲೇ ಬಳ್ಳಾರಿಗೆ ಕಳಿಸಿದೆ, ಶಸ್ತ್ರಚಿಕಿತ್ಸೆಯೂ ಆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಮೂತ್ರದ ನಿಯಂತ್ರಣ ಪೂರ್ತಿ ಮರಳಲಿಲ್ಲ.

ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ಕಾಲು, ಮೂತ್ರಕೋಶ, ಮಲದ್ವಾರ, ಜನನಾಂಗಗಳಿಗೆ ಹೋಗುವ ನರಗಳು ಒಂದು ಕಟ್ಟಾಗಿ ಇಳಿಯುತ್ತವೆ. ದೊಡ್ಡ ಡಿಸ್ಕ್ ತುಣುಕು ಆ ಇಡೀ ಕಟ್ಟನ್ನು ಒತ್ತಿದರೆ ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕು. ಇದು ಅಪರೂಪ. ಆದರೆ ನಿಮ್ಮ ಅಂಗಳದಲ್ಲಿ ಯಾರಿಗಾದರೂ ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ ದಯವಿಟ್ಟು ಬೆಳಗಾಗಲಿ ಎಂದು ಕಾಯಬೇಡಿ. ನಿಮ್ಮ ಕಾರಿನಲ್ಲೇ ಕೂರಿಸಿಕೊಂಡು ಎಂ.ಆರ್.ಐ. ಮತ್ತು ಶಸ್ತ್ರವೈದ್ಯರು ಇರುವ ಆಸ್ಪತ್ರೆಗೆ ಹೊರಡಿ. ಈ ಮೂರು ಲಕ್ಷಣಗಳನ್ನು ತೂಕದ ಕಾಟಾದ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಬಣ್ಣದ ಖರ್ಚಷ್ಟೇ.

ಇನ್ನೊಂದು ರೋಗ ಚೀಲಕ್ಕೆ ಸಂಬಂಧಿಸಿದ್ದಲ್ಲ, ಆದರೂ ಬಿಡಲಾರೆ. ವಾರಗಟ್ಟಲೆ ಇಳಿಯದ ಬೆನ್ನುನೋವು, ರಾತ್ರಿ ಹೆಚ್ಚುವ ನೋವು, ಸಂಜೆ ಜ್ವರ, ಮೈ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲೇ ವಿವರಿಸಿದ ಈ ಕಾಯಿಲೆ ನಮ್ಮ ದೇಶದಲ್ಲಿ ಇನ್ನೂ ಉಳಿದಿದೆ. ‘ಚೀಲ ಹೊತ್ತು ಹೊತ್ತು ಹೀಗಾಗಿದೆ’ ಎಂದು ಮುಲಾಮು ಹಚ್ಚುತ್ತ ತಿಂಗಳು ಕಳೆದರೆ ಮಣಿ ಕುಸಿದು ಗೂನು ಬರಬಹುದು, ಕಾಲು ಬೀಳಬಹುದು. ಸರಕಾರಿ ಆಸ್ಪತ್ರೆಯಲ್ಲಿ ಇದರ ಔಷಧ ಉಚಿತ, ಬೇಗ ಶುರುಮಾಡಿದರೆ ವಾಸಿಯಾಗುತ್ತದೆ.

ಇನ್ನು ಉಳಿದ ಸಾಮಾನ್ಯ ಸೊಂಟನೋವಿನ ಬಗ್ಗೆ. ಹಮಾಲರಿಗೆ ನೀವು ಮಾಡುವ ಉಪಕಾರ ಇಂದು ಎರಡು ಬಗೆಯದು. ಒಂದು, ‘ಹೋಗಿ ಸ್ಕ್ಯಾನ್ ಮಾಡಿಸು’ ಎಂದು ಮುಂಗಡ ಕೊಡುವುದು. ಇನ್ನೊಂದು, ‘ಒಂದು ತಿಂಗಳು ಮಲಗು’ ಎಂದು ಕಳಿಸುವುದು. ಎರಡರ ಹಿಂದೆಯೂ ಕಾಳಜಿ ಇದೆ, ಆದರೆ ಎರಡರಿಂದಲೂ ಸಾಮಾನ್ಯವಾಗಿ ಲಾಭವಿಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂ.ಆರ್.ಐ. ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿತ್ತು. ಚಿತ್ರದಲ್ಲಿ ಉಬ್ಬು ಕಂಡಿತೆಂದರೆ ನೋವಿಗೆ ಅದೇ ಕಾರಣ ಎನ್ನಲಾಗದು. ಆದರೆ ವರದಿ ಕೈಗೆ ಬಂದ ಹಮಾಲ ‘ನನ್ನ ಬೆನ್ನಾಗ ಗ್ಯಾಪ್ ಬಂದೈತಿ’ ಎಂದು ಹೆದರಿ, ಬಾಗುವುದನ್ನೇ ಬಿಟ್ಟು ಇನ್ನಷ್ಟು ಬಿಗಿಯಾಗುತ್ತಾನೆ. ಜೊತೆಗೆ ನಿಮ್ಮ ಸಾಲವೂ ಮೈಮೇಲೆ. ಕಾಲಿನ ಬಲ ಕುಗ್ಗುತ್ತಿದ್ದರೆ, ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ವೈದ್ಯರು ಬರೆದುಕೊಟ್ಟರೆ ಸ್ಕ್ಯಾನ್ ಬೇಕು. ಇಲ್ಲವಾದರೆ ಆ ಹಣ ಮನೆಯ ರೇಷನ್ನಿಗಿರಲಿ.

ಮಲಗುವ ವಿಚಾರವಂತೂ ಇನ್ನೂ ಸ್ಪಷ್ಟ. 1995ರಲ್ಲಿ ಹೆಲ್ಸಿಂಕಿ ನಗರಸಭೆಯ ನೌಕರರ ಮೇಲೆ ನಡೆದ ಅಧ್ಯಯನದಲ್ಲಿ ಸೊಂಟ ಹಿಡಿದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ, ಮತ್ತೊಂದಕ್ಕೆ ‘ನೋವು ತಡೆಯುವಷ್ಟು ದಿನನಿತ್ಯದ ಕೆಲಸ ಮಾಡುತ್ತಿರಿ’ ಎಂಬ ಸಲಹೆ. ಬೇಗ ಚೇತರಿಸಿಕೊಂಡವರು ಕೊನೆಯ ಗುಂಪಿನವರು. ಓಡಾಟವೇ ಮದ್ದು. ಆದರೆ ಓಡಾಡುವುದು ಬೇರೆ, ನೊಂದ ಸೊಂಟಕ್ಕೆ 75 ಕೆ.ಜಿ. ಎತ್ತಿಸುವುದು ಬೇರೆ. ನಾನು ‘ಹಗುರ ಕೆಲಸ ಮಾಡಿ’ ಎಂದು ಚೀಟಿ ಬರೆದುಕೊಟ್ಟರೆ ಹಮಾಲರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಸುಮ್ಮನಾಗುತ್ತಾರೆ. ಅಂಥ ಕೆಲಸ ಅವರಿಗೆ ಯಾರು ಕೊಡಬೇಕು?

ಕೆಲವು ಗಿರಣಿಗಳಲ್ಲಿ ಸೊಂಟದ ಬೆಲ್ಟ್ ಹಂಚಿದ್ದನ್ನು ನೋಡಿದ್ದೇನೆ. ಹಣ ಹಾಕಿದವರ ಬಗ್ಗೆ ಗೌರವವಿದೆ. ಆದರೆ ಅಮೆರಿಕದ ಮಳಿಗೆ ನೌಕರರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬೆಲ್ಟ್ ಹಾಕಿದವರಿಗೂ ಹಾಕದವರಿಗೂ ಬೆನ್ನುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ‘ಹೀಗೆ ಎತ್ತಬೇಕು’ ಎಂದು ತರಬೇತಿ ಕೊಡುವುದರಿಂದಷ್ಟೇ ಬೆನ್ನುನೋವು ಕಡಿಮೆಯಾಗುವುದಿಲ್ಲ ಎಂದೂ ಅಧ್ಯಯನಗಳು ಹೇಳುತ್ತವೆ. ಫಿಸಿಯೊಥೆರಪಿಸ್ಟ್ ಆದ ನಾನೇ ಇದನ್ನು ಹೇಳಬೇಕಾಗಿದೆ: ಹಮಾಲರಿಗೆ ಪಾಠ ಮಾಡಿ ಸಮಸ್ಯೆ ಬಗೆಹರಿಯದು. ಬದಲಾಗಬೇಕಾದದ್ದು ತೂಕ, ಎತ್ತರ, ದೂರ.

ಚೀಲದ ತೂಕ ಬದಲಿಸಲು ಆಗದು, ಇದು ಅಜ್ಜನ ಕಾಲದ ರೂಢಿ ಎನ್ನಬೇಡಿ. ನೀವೇ ಬದಲಿಸಿದ್ದೀರಿ. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಅಕ್ಕಿ ಪ್ಯಾಕೆಟ್ಟಿಗೆ ಜಿ.ಎಸ್.ಟಿ. ಬಂದಾಗ ಮಾರುಕಟ್ಟೆಗೆ 26 ಕೆ.ಜಿ. ಚೀಲ ಬರಲು ಎಷ್ಟು ದಿನ ಹಿಡಿಯಿತು? ಹೊಸ ಚೀಲ ಮುದ್ರಣವಾಯಿತು, ಕಾಟಾ ಹೊಂದಿಸಿದ್ದಾಯಿತು, ಅಂಗಡಿಯವರು ಒಪ್ಪಿದರು, ಗಿರಾಕಿಗಳೂ ಒಪ್ಪಿದರು. 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕೆ.ಜಿ.ಗೆ ಇಳಿಯಿತು, ಅದಕ್ಕೂ ರೈತರು ಹೊಂದಿಕೊಂಡರು. ನಿಮ್ಮ ಗಿರಣಿಯಿಂದ ಸರಕಾರಿ ಗೋದಾಮಿಗೆ ಹೋಗುವ ಅಕ್ಕಿ 50 ಕೆ.ಜಿ. ಚೀಲದಲ್ಲೇ ಹೋಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸೊಬ್ಬ ಹೊರುವ ಭಾರವನ್ನು 55 ಕೆ.ಜಿ.ಗೆ ಇಳಿಸಬೇಕೆಂದು ಶಿಫಾರಸು ಮಾಡಿದೆ. ಅಕ್ಕಿಗೆ, ಗೊಬ್ಬರಕ್ಕೆ ಸಾಧ್ಯವಾದದ್ದು ಭತ್ತಕ್ಕೂ ಸಾಧ್ಯ. ಭತ್ತ ಗಿರಣಿಯೊಳಗೆ ಬಿದ್ದ ಮೇಲೆ ಬಕೆಟ್ ಎಲಿವೇಟರೇ ಅದನ್ನು ಮೇಲಕ್ಕೆ ಒಯ್ಯುತ್ತದೆ. ಲಾರಿಯಿಂದ ಆ ಗುಂಡಿಯವರೆಗಿನ ದಾರಿಯಲ್ಲಿ ಮಾತ್ರ ಮನುಷ್ಯರ ಬೆನ್ನು ಬೇಕಾಗಿದೆ.

ಕೂಲಿಯ ಪ್ರಶ್ನೆ ಬರುತ್ತದೆ, ಬರಲೇಬೇಕು. ಈಗ ಕೂಲಿ ಚೀಲಕ್ಕೆ ಇಷ್ಟೆಂದಿದೆ. ಚೀಲ 50ಕ್ಕೆ ಇಳಿದರೆ ಅಷ್ಟೇ ಭತ್ತಕ್ಕೆ ಒಂದೂವರೆ ಪಟ್ಟು ಚೀಲವಾಗುತ್ತದೆ, ಖರ್ಚು ಹೆಚ್ಚುತ್ತದೆ ಎಂದು ನೀವು ಹೆದರುತ್ತೀರಿ. ತಿರುಗಾಟ ಹೆಚ್ಚಾಗಿ ಕೂಲಿ ಅಷ್ಟೇ ಉಳಿದರೆ ಎಂದು ಹಮಾಲರೂ ಹೆದರುತ್ತಾರೆ. ಕೂಲಿಯನ್ನು ಕ್ವಿಂಟಲ್ ಲೆಕ್ಕಕ್ಕೆ ತಂದು, ಹೆಚ್ಚಿನ ತಿರುಗಾಟಕ್ಕೆ ಒಂದು ಪಾಲು ಸೇರಿಸಿ ಇಬ್ಬರೂ ಕೂತು ಮಾತನಾಡಿದರೆ ಬಗೆಹರಿಯುವ ವಿಷಯವಿದು. ಒಟ್ಟು ಭಾರ ಅಷ್ಟೇ ಇದ್ದರೂ ಡಿಸ್ಕನ್ನು ಹರಿಯುವುದು ಒಂದೊಂದು ಸಲ ಬೀಳುವ ಒತ್ತಡದ ಎತ್ತರ. ಅದರಲ್ಲಿ ಚೀಲದಿಂದ ಬರುವ ಭಾಗವನ್ನು ಮೂರನೇ ಒಂದು ಪಾಲು ಇಳಿಸಿದರೆ ಲಾಭ ನಿಜವಾದದ್ದು. ನೆರೆಯ ಮಹಾರಾಷ್ಟ್ರದಲ್ಲಿ 1969ರಿಂದಲೇ ಮಾಥಾಡಿ ಮತ್ತು ಹಮಾಲ ಕಾರ್ಮಿಕರಿಗೆಂದು ಪ್ರತ್ಯೇಕ ಕಾನೂನು ಇದೆ, ಮಂಡಳಿಗಳಲ್ಲಿ ಮಾಲೀಕರೂ ಕಾರ್ಮಿಕರೂ ಒಟ್ಟಿಗೆ ಕೂರುತ್ತಾರೆ. ನಾವು ಕಾನೂನಿಗೆ ಕಾಯದೆ ಸುಗ್ಗಿಯ ಮುಂಚಿನ ಒಂದು ಸಭೆಯಲ್ಲೇ ಆರಂಭಿಸಬಹುದು.

ನನ್ನ ಕೋರಿಕೆಗಳನ್ನು ಈಗ ಬಿಚ್ಚಿ ಹೇಳುತ್ತೇನೆ. ಮುಂದಿನ ಸುಗ್ಗಿಯಿಂದ 50 ಕೆ.ಜಿ.ಗಿಂತ ಹೆಚ್ಚಿನ ಚೀಲ ತುಂಬಿಸಿಕೊಳ್ಳುವುದಿಲ್ಲ ಎಂದು ನಿಮ್ಮ ಸಂಘ ತೀರ್ಮಾನಿಸಿ, ರೈತರಿಗೆ ಮೊದಲೇ ತಿಳಿಸಲಿ. ಒಬ್ಬರೇ ಮಾಡಿದರೆ ವ್ಯಾಪಾರ ಪಕ್ಕದವರಿಗೆ ಹೋಗುತ್ತದೆಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ, ಅದಕ್ಕೇ ಸಂಘವಾಗಿ ಮಾಡಿ ಎನ್ನುತ್ತಿದ್ದೇನೆ. ಚೀಲವನ್ನು ನೆಲಕ್ಕೆ ಇಳಿಸದೆ ಸೊಂಟದೆತ್ತರದ ಕಟ್ಟೆ ಅಥವಾ ಮರದ ಮಂಚದ ಮೇಲೆ ಇಳಿಸುವ ಏರ್ಪಾಟು ಮಾಡಿ. ನೆಲದಿಂದ ಎತ್ತುವುದು ತಪ್ಪಿದರೆ ಅರ್ಧ ಅಪಾಯ ತಪ್ಪಿದಂತೆ. ಎತ್ತರದ ನಿಟ್ಟಿಗೆ ಬೆಲ್ಟ್ ಕನ್ವೇಯರ್ ತರಿಸಿ, ಆದರೆ ಅದರ ನೆಪದಲ್ಲಿ ಗುಂಪಿನಿಂದ ಯಾರನ್ನೂ ತೆಗೆಯಬೇಡಿ. ನಸುಕಿನ ಲಾರಿಗೆ ಅವಸರ ಬೇಡ, ಎದ್ದ ಮೊದಲ ಗಂಟೆಯಲ್ಲಿ ಹೊಲಿಗೆ, ತೂಕ, ಕಸ ಗುಡಿಸುವ ಕೆಲಸ ನಡೆಯಲಿ. ಸೊಂಟ ನೊಂದವರಿಗೆ ಕೆಲವು ವಾರ ಅದೇ ಹೊಲಿಗೆ, ಕಾಟಾ, ಸ್ಯಾಂಪಲ್ ತೆಗೆಯುವ ಕೆಲಸ ಕೊಟ್ಟು ಗುಂಪಿನ ಕೂಲಿಯಲ್ಲಿ ಪಾಲು ಉಳಿಸಿ. ನಿಮ್ಮ ಹಮಾಲರೆಲ್ಲರ ಹೆಸರು ಕಾರ್ಮಿಕ ಇಲಾಖೆಯ ಅಸಂಘಟಿತ ಕಾರ್ಮಿಕರ ಯೋಜನೆಯಲ್ಲಿ ನೋಂದಣಿಯಾಗಿದೆಯೇ ನೋಡಿ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರೂ ಸೇರಿದ್ದಾರೆ. ಅರ್ಜಿ ತುಂಬಲು ನಿಮ್ಮ ಗುಮಾಸ್ತರ ಒಂದು ದಿನದ ನೆರವು ಸಾಕು.

ನಿಮ್ಮ ಸಂಘ ಸುಗ್ಗಿಗೆ ಮುಂಚೆ ಸಭೆ ಸೇರುತ್ತದೆಂದು ಕೇಳಿದ್ದೇನೆ. ಆ ದಿನ ಅರ್ಧ ಗಂಟೆ ನನಗೆ ಕೊಡಿ. ಬೆನ್ನುಮೂಳೆಯ ಮಾದರಿ ತೆಗೆದುಕೊಂಡು ಬರುತ್ತೇನೆ. ನಿಮ್ಮ ಪ್ರಶ್ನೆಗಳಿಗೆ, ಆಕ್ಷೇಪಗಳಿಗೆ ಗೊತ್ತಿರುವಷ್ಟು ಉತ್ತರಿಸುತ್ತೇನೆ. ಹಮಾಲರ ಸಂಘದ ಪದಾಧಿಕಾರಿಗಳನ್ನೂ ಅದೇ ಸಭೆಗೆ ಕರೆಯಿರಿ. ಚೀಲ ಎಷ್ಟಕ್ಕೆ ಇಳಿಯಬೇಕು, ಕೂಲಿ ಹೇಗೆ ಹೊಂದಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಒಬ್ಬ ಫಿಸಿಯೊಥೆರಪಿಸ್ಟ್